ಆರನೆಯ ಎಳೆತ

ನಮ್ಮೂರಿನಲ್ಲಿ ಕಿರುಚಿ ಪ್ರಯೋಜನವಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ಮೊದಲ ವಾರ ಕಿರುಚುತ್ತಾರೆ, ಗಂಟಲು ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ಶುಂಠಿ ಕಷಾಯ ಕುಡಿದು ಬುದ್ಧಿ ಕಲಿಯುತ್ತಾರೆ. ಇಲ್ಲಿ ಮಾತು ದೂರ ಹೋಗುವುದು ಜೋರಿನಿಂದಲ್ಲ, ನಿಧಾನದಿಂದ. ಸುಮ್ಮನೆ ಮಾತಾಡಿದರೆ ಎದುರು ಮನೆಯ ಜಗಲಿಯ ತನಕ. ಒಂದು ಎಳೆತ ಎಳೆದು ಮಾತಾಡಿದರೆ ಬೀದಿಯ ತುದಿಯ ತನಕ. ಇನ್ನೂ ಎಳೆದರೆ ಪೇಟೆ ದಾಟಿ ಉಪ್ಪಿನ ಆಗರಗಳ ತನಕ. ಹೀಗೆ ಒಟ್ಟು ಆರು ಎಳೆತ. ಪ್ರತಿಯೊಂದಕ್ಕೂ ಅದರ ಹಿಂದಿನದರ ಎರಡು ಪಟ್ಟು ಹೊತ್ತು ಬೇಕು. ಆರನೆಯ ಎಳೆತದಲ್ಲಿ 'ನೀರು' ಎಂದು ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಕುಚ್ಚಲಕ್ಕಿ ಬೆಂದಿರುತ್ತದೆ. ಯಾಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಿನಲ್ಲಿ ಮಾತು ಯಾಕೆ ಹಾಗೆ ಓಡುತ್ತದೆ ಎಂದು ನಾನು ಕೇಳಿದೆನಾ?

ನನ್ನ ಹೆಸರು ವಾರಿಜ. ಊರಿಗೆಲ್ಲ ವಾರಿಜಕ್ಕ. ಕಿವಿಕಟ್ಟೆಯಲ್ಲಿ ಕೂರುವವಳು. ಕಿವಿಕಟ್ಟೆ ಎಂದರೆ ಪೇಟೆಯ ನಡುವೆ ಕಲ್ಲು ಪೇರಿಸಿ ಎತ್ತರ ಮಾಡಿದ ಜಗಲಿ. ಮೇಲೆ ಹಂಚಿನ ಮಾಡು, ಸುತ್ತ ಗೋಡೆಯಿಲ್ಲ. ನಮ್ಮದು ಉಪ್ಪಿನ ಊರು. ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಆರಿಸಿ, ಉಪ್ಪು ಕೆರೆಯುವ ಆಗರಗಳು ಪೇಟೆಯ ಬೆನ್ನಿಗೇ ಶುರುವಾಗಿ ಕಣ್ಣು ಹೋಗುವಷ್ಟು ದೂರ ಇವೆ. ಪ್ರತಿ ಆಗರಕ್ಕೂ ನೀರು ತಡೆಯುವ ಒಂದು ಬಾಗಿಲು, ಪ್ರತಿ ಬಾಗಿಲಿಗೂ ಒಂದೊಂದು ಮನೆ. ಆ ಮನೆಯವರು ಬೆಳಿಗ್ಗೆಯೂ ಸಂಜೆಯೂ ತಮ್ಮ ಬಾಗಿಲಿನ ನೀರು ಹೇಗಿದೆ ಎಂದು ಕಿವಿಕಟ್ಟೆಗೆ ಹೇಳಬೇಕು. ಅದನ್ನು ಕೇಳಿ ಯಾವ ತೂಬು ಎತ್ತಬೇಕು, ಯಾವುದು ಇಳಿಸಬೇಕು ಎಂದು ಹೇಳುವವಳು ನಾನು. ಯಾವ ಮನೆಗೆ ಎಷ್ಟನೆಯ ಎಳೆತ ಎಂದು ಕಟ್ಟಿಕೊಡುವವಳೂ ನಾನೇ. ನನಗಿಂತ ಮುಂಚೆ ನನ್ನ ಸೋದರತ್ತೆ ಕೂತಿದ್ದಳು. ಕಿವಿಕಟ್ಟೆಯವಳು ಮಾತಾಡುತ್ತಿರುವಾಗ ಅವಳಿಗೆ ಬೇರೆ ಯಾರ ಮಾತೂ ಕೇಳಿಸುವುದಿಲ್ಲ, ಅದಕ್ಕೇ ಬಾಯಿ ಬಿಗಿಹಿಡಿಯಬೇಕು ಎನ್ನುತ್ತಿದ್ದಳು. ನನ್ನ ಬಾಯಿ ಎಂಥದ್ದೆಂದು ಗೊತ್ತಿದ್ದೂ ನನ್ನನ್ನೇ ಕೂರಿಸಿ ಹೋದಳಲ್ಲ, ಆ ಹೆಂಗಸಿನ ಧೈರ್ಯವನ್ನು ಮೆಚ್ಚಬೇಕು.

ದೂರಕ್ಕೆ ಮಾತಾಡುವವರಿಗೆ ಇನ್ನೊಂದು ಕಟ್ಟಳೆ ಇದೆ. ಎಷ್ಟು ಹೊತ್ತು ಎಳೆದರೋ ಅದರ ಎಷ್ಟೋ ಪಟ್ಟು ಹೊತ್ತು ಸುಮ್ಮನಿರಬೇಕು. ಇದಕ್ಕೆ ಬಾಯಿಕಟ್ಟು ಎಂದು ಹೆಸರು. ಎಲ್ಲರಿಗೂ ಇರುವುದು ಒಂದೇ ಆಕಾಶ. ಒಬ್ಬರೇ ತುಂಬಿಕೊಂಡರೆ ಹೇಗೆ? ಅದಕ್ಕೇ ದೂರದ ಆಗರಗಳಲ್ಲಿ ಮಕ್ಕಳಿಗೆ ಉದ್ದದ ಹೆಸರಿಡುವುದಿಲ್ಲ. ಅಲ್ಲಿ ಎಲ್ಲರೂ ರಾಮ, ಸೀತು, ಪದ್ದು. ಪೇಟೆಯಲ್ಲಿ ಮಾತ್ರ ವೈಕುಂಠಯ್ಯ, ತ್ರಿಪುರಸುಂದರಿ ಎಲ್ಲ ನಡೆಯುತ್ತದೆ.

ನನ್ನ ತಂಗಿ ನೀಲು ಮದುವೆಯಾಗಿ ಹೋದದ್ದು ಎಲ್ಲಕ್ಕಿಂತ ಆಚೆಯ ಹೊರ ಆಗರಕ್ಕೆ. ಅಲ್ಲಿ ಸಮುದ್ರಕ್ಕೆ ಎದೆಕೊಟ್ಟು ನಿಂತ ಮರದ ದೊಡ್ಡ ಬಾಗಿಲೊಂದಿದೆ. ಅವಳ ಗಂಡ ಅದನ್ನು ಕಾಯುತ್ತಾನೆ, ಅವಳು ಅದರ ನೀರು ಹೇಳುತ್ತಾಳೆ. ಅವಳಿಗೆ ಬಾಗಿಲು ಬಿಟ್ಟು ಬರಲಿಕ್ಕಾಗುವುದಿಲ್ಲ, ನನಗೆ ಕಟ್ಟೆ ಬಿಟ್ಟು ಹೋಗಲಿಕ್ಕಾಗುವುದಿಲ್ಲ. ಅವಳು ಹೊರಟ ದಿನವೇ ನಮ್ಮಿಬ್ಬರಿಗೂ ಅಮ್ಮನ ದೋಸೆ ಕಾವಲಿಯ ವಿಷಯದಲ್ಲಿ ಜಗಳ. ಎರಕದ ಕಬ್ಬಿಣದ ಕಾವಲಿ, ಅಜ್ಜಿಯ ಕಾಲದ್ದು, ಎಣ್ಣೆ ಕುಡಿದು ಕುಡಿದು ಕನ್ನಡಿಯಾಗಿದೆ. ಅಮ್ಮ ನನಗೆ ಕೊಡುತ್ತೇನೆ ಎಂದಿದ್ದಳು ಎಂದು ಅವಳು, ನನಗೆ ಎಂದು ನಾನು. ಜಗಳ ಬಿಸಿಯಾಗಿರುವಾಗಲೇ ದೋಣಿ ಹೊರಟಿತು. ಆಮೇಲೆ ಅವಳ ಬಾಯಿಂದ ನಾನು ಕೇಳಿದ್ದು ಎರಡೇ ಮಾತು: ಸಮುದ್ರ ಬಾಗಿಲಿನ ಗುರುತು ಮೀರಿದರೆ 'ನೀರು', ಮೀರದಿದ್ದರೆ 'ಸಾಕು'. ಆರನೆಯ ಎಳೆತದವರಿಗೆ ಅದಕ್ಕಿಂತ ಹೆಚ್ಚು ಮಾತಾಡುವಷ್ಟು ಆಕಾಶ ಎಲ್ಲಿದೆ? ಜಗಳ ಅರ್ಧಕ್ಕೇ ನಿಂತಿತು. ತಂಗಿಯ ಜೊತೆ ಜಗಳ ಮುಗಿಸಲಿಕ್ಕೆ ಆಗದೆ ಇರುವ ಸಂಕಟ ಏನೆಂದು ಅಕ್ಕತಂಗಿಯರಿದ್ದವರಿಗೇ ಗೊತ್ತು.

ಈಗ ನಮ್ಮೂರಿನ ಜಂಬದ ವಿಷಯ ಹೇಳಬೇಕು. ಎಳೆದು ಮಾತಾಡುವವರು ದೊಡ್ಡವರು ಎಂದು ಇಲ್ಲಿ ಯಾವಾಗಿನಿಂದಲೋ ಒಂದು ನಂಬಿಕೆ. ಹುಡುಗಿ ನೋಡಲು ಬಂದವರು ಮೊದಲು ಕೇಳುವುದು, "ನಿಮ್ಮ ಮನೆಯದ್ದು ಎಷ್ಟನೇ ಎಳೆತ?" ಎಂದು. ಮೊದಲನೆಯ ಎಳೆತ ಎಂದರೆ ಚಿಲ್ಲರೆ ಜನ. ಹಾಗಾಗಿ ಕಿವಿಕಟ್ಟೆಯಿಂದ ಕಲ್ಲೆಸೆದರೆ ಮುಟ್ಟುವ ಮನೆಯವರೂ ನಾಲ್ಕನೆಯದೇ ಬೇಕು, ಐದನೆಯದೇ ಬೇಕು ಎನ್ನುತ್ತಿದ್ದರು. ಊರ ಯಜಮಾನರು ವೈಕುಂಠಯ್ಯ. ಅವರ ಮನೆ ಕಟ್ಟೆಯಿಂದ ಎರಡು ಬೀದಿ ಆಚೆ. ಅವರು ಊಟಕ್ಕೆ ಕೂತಾಗಲೂ ಎಳೆಯುವವರು. "ಉ…" ಎಂದು ಶುರುಮಾಡಿದರೆ ಹೆಂಡತಿ ಅಂಬಕ್ಕ ಉಪ್ಪು, ಉಪ್ಪಿನಕಾಯಿ ಎರಡನ್ನೂ ಬಡಿಸಿ ಒಳಗೆ ಹೋಗಿಬಿಡುತ್ತಿದ್ದರು.

ಮೊದಲು ಹೇಗೋ ನಡೆಯುತ್ತಿತ್ತು. ಆಗರಗಳು ಹೆಚ್ಚಾದವು, ಮನೆಗಳು ಹೆಚ್ಚಾದವು, ಆಗ ಶುರುವಾಯಿತು ನೋಡಿ ತಾಪತ್ರಯ. ಇಬ್ಬರು ಒಂದೇ ಎಳೆತದಲ್ಲಿ ಒಟ್ಟಿಗೆ ಮಾತಾಡಿದರೆ ಎರಡೂ ಮಾತು ಕಲಸಿ ಹೋಗುತ್ತವೆ. ನನಗೆ ಬರುವುದು ಬರೀ ಗೊಜಗೊಜ. ಗೊಜಗೊಜಕ್ಕೆ ಏನೆಂದು ಉತ್ತರ ಕೊಡಲಿ? ಸುಮ್ಮನಿರುತ್ತಿದ್ದೆ. ಉತ್ತರ ಬಾರದಿದ್ದರೆ ಮಾತು ಮುಟ್ಟಲಿಲ್ಲ ಎಂದು ಲೆಕ್ಕ; ಮಾತು ಮುಟ್ಟದಿದ್ದರೆ ಮಾರನೆಯ ದಿನ ಒಂದು ಎಳೆತ ಹೆಚ್ಚು ಎಳೆಯಬೇಕು. ಇದು ತೊಟ್ಟಿಲಿನ ಮಗುವಿಗೂ ಗೊತ್ತಿರುವ ಕ್ರಮ. ನಾನೂ ಅದನ್ನೇ ಹೇಳಿಕೊಟ್ಟವಳು. "ಕೇಳ್ಲಿಲ್ವಾ? ಇನ್ನೂ ಎಳಿ ಮಾರಾಯ್ತಿ!" ಎಲ್ಲರೂ ಎಳೆದರು. ಎಳೆದಷ್ಟೂ ಹೊತ್ತು ಹೆಚ್ಚು, ಹೊತ್ತು ಹೆಚ್ಚಾದಷ್ಟೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬೀಳುವುದು ಹೆಚ್ಚು. ಕಡೆಗೆ ಊರಿಗೆ ಊರೇ ಆರನೆಯ ಎಳೆತಕ್ಕೆ ಏರಿ ಕೂತಿತು. ಕೆಳಗಿಳಿಯಲಿಕ್ಕೆ ಯಾರಿಗೂ ಮನಸ್ಸಿಲ್ಲ, ಹೇಗೂ ಮರ್ಯಾದೆಯ ಎಳೆತ ಸಿಕ್ಕಿದೆಯಲ್ಲ! ಬೆಳಗಿನಿಂದ ಸಂಜೆಯ ತನಕ ಊರಿನ ಮೇಲೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಅದರ ತಳದಲ್ಲಿ ಎಲ್ಲೋ ನನ್ನ ನೀಲುವಿನ ಮಾತು ಹೂತುಹೋಗಿತ್ತು.

ಹೊರ ಆಗರದ ಮಾತು ಬಾರದಿದ್ದರೆ ಏನಾಗುತ್ತದೆ ಎಂದು ಹೇಳುತ್ತೇನೆ ಕೇಳಿ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಸಮುದ್ರ ಒಮ್ಮೊಮ್ಮೆ ಗುರುತು ಮೀರುತ್ತದೆ. ಆಗ ನಡು ಆಗರದ ತೂಬು ಎತ್ತಿ, ನೀರನ್ನು ತಗ್ಗಿನ ಹೊಂಡಕ್ಕೆ ಹರಿಸಿಬಿಡಬೇಕು. ಎತ್ತದಿದ್ದರೆ ಹೊರ ಬಾಗಿಲು ಮುರಿಯುತ್ತದೆ. ಸುಮ್ಮಸುಮ್ಮನೆ ಎತ್ತಿದರೆ ನಡು ಆಗರದಲ್ಲಿ ಕೆರೆಯಲಿಕ್ಕೆ ತಯಾರಾದ ಉಪ್ಪೆಲ್ಲ ಕರಗಿ ನೀರುಪಾಲು. ನಡು ಆಗರ ಯಾರದ್ದು? ವೈಕುಂಠಯ್ಯನವರದ್ದು. ಅದರ ತೂಬು ಅವರ ಮನೆಯ ಬೆನ್ನಿಗೇ, ಕಟ್ಟೆಗೆ ಮೊದಲನೆಯ ಎಳೆತದ ದೂರ.

ಒಂದು ದಿನ ಅವರು ಊರವರನ್ನು ಕಟ್ಟೆಯ ಕೆಳಗೆ ಸೇರಿಸಿದರು. ಎದ್ದು ನಿಂತು "ಹೊ…" ಎಂದರು. ಜನ ಕಾದರು. ಅಂಬಕ್ಕನಿಗೆ ತಾಳ್ಮೆ ಎಲ್ಲಿಂದ ಬರಬೇಕು?

"ಹೊರ ಆಗರದ ಮಾತು ಬರುದೇ ಇಲ್ಲ, ನಂಬಿ ಕೂರ್ಲಿಕ್ಕೆ ಆಗುದಿಲ್ಲ, ಬರುವ ಅಮಾಸೆಯ ಉಬ್ಬರಕ್ಕೂ ಮಾತು ಬರ್ಲಿಲ್ಲ ಅಂದ್ರೆ ಈಚೆಯಿಂದ ಒಡ್ಡು ಕಟ್ಟಿ ಹೊರ ಆಗರವನ್ನು ಸಮುದ್ರಕ್ಕೆ ಬಿಟ್ಟುಬಿಡುದು ಅಂತ ಇವರು ಹೇಳುದು," ಎಂದು ಒಂದೇ ಉಸಿರಿಗೆ ಹೇಳಿ ಕೂತರು. ಯಜಮಾನರು ಹೌದೆಂದು ತಲೆಯಾಡಿಸಿದರು, ಅವರಿನ್ನೂ 'ಹೊ'ದಲ್ಲೇ ಇದ್ದರು.

 "ಅಲ್ಲಿಯ ಮನೆಯವರು ಎಂತ ಮಾಡ್ಬೇಕು?" ಎಂದೆ.

"ಪೇಟೆಗೆ ಬರ್ಲಿ," ಎಂದರು ಯಾರೋ ಹಿಂದಿನಿಂದ.

"ಬಂದು ನಿಮ್ಮ ಉಪ್ಪಿನ ಮೂಟೆ ಹೊರ್ಬೇಕಾ? ಹುಟ್ಟಿದಾರಭ್ಯ ಸಮುದ್ರವನ್ನು ತಡೆದು ನಿಲ್ಸಿದ ಜನ ಅದು. ಅವರು ತಡೆದದ್ದಕ್ಕೆ ನೀವು ಇಲ್ಲಿ ಎಳೆದು ಮಾತಾಡ್ಲಿಕ್ಕೆ ಆದದ್ದು, ತಿಳೀತಾ?" ನಾನು ಕಟ್ಟೆಯ ಮೇಲಿಂದ ಕೆಳಗಿಳಿದೇ ಬೈದೆ. ಬೈದದ್ದು ಬಂತು, ತೀರ್ಮಾನ ಬದಲಾಗಲಿಲ್ಲ. ಅಮಾವಾಸ್ಯೆಗೆ ಹೆಚ್ಚು ದಿನವಿರಲಿಲ್ಲ.

ದಾರಿ ತೋರಿಸಿದ್ದು ಒಂದು ಬೆಕ್ಕು. ಹೌದು, ನಗಬೇಡಿ. ಮಾರನೆಯ ಬೆಳಿಗ್ಗೆ ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದೆ. ವೈಕುಂಠಯ್ಯ ತಮ್ಮ ಜಗಲಿಯಿಂದ ಆರನೆಯ ಎಳೆತದಲ್ಲಿ ನೀರು ಹೇಳುತ್ತಿದ್ದರು, ಅವರ ಮೇಲೆ ಇನ್ನೂ ಮೂರ್ನಾಲ್ಕು ಜನ ಅದೇ ಎಳೆತ. ಗುಂಯ್ ಗುಂಯ್ ಗೊಜಗೊಜ. ತಲೆ ಸಿಡಿಯುತ್ತಿತ್ತು. ಅಷ್ಟರಲ್ಲಿ ಅಂಬಕ್ಕ ಹಿತ್ತಲಲ್ಲಿ ಒಣಗಲಿಕ್ಕೆ ಹಾಕಿದ್ದ ನಂಗ್ ಮೀನನ್ನು ಹಿಂದಿನ ಬೀದಿಯ ಕಾವೇರಿಯ ಬೆಕ್ಕು ಕಚ್ಚಿಕೊಂಡು ಓಡಿತು. ನಮ್ಮೂರಿನ ಹೆಂಗಸರು ಬೈಯುವಾಗ ಬೀದಿಗೆಲ್ಲ ಕೇಳಲಿ ಎಂದು ಮೊದಲನೆಯ ಎಳೆತ ಹಾಕುತ್ತಾರೆ. ಬೈಗುಳವನ್ನು ಯಾರೂ ಮಾತೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಅದಕ್ಕೆ ಮರ್ಯಾದೆಯೂ ಬೇಡ, ಬಾಯಿಕಟ್ಟೂ ಇಲ್ಲ.

"ನಿನ್ನ ಬೆಕ್ಕಿಗೆ ಮಾರಿ ಹಿಡೀಲಿ ಕಾವೇರೀ! ಸಾಕುದಾದ್ರೆ ಹೊಟ್ಟೆಗೆ ಹಾಕಿ ಸಾಕು! ಬಿಸಿಲಲ್ಲಿ ಬೆನ್ನು ಸುಟ್ಕೊಂಡು ಒಣಗ್ಸಿದ್ದು ನಾನು, ತಿಂದು ಮೀಸೆ ಒರ್ಸುದು ನಿನ್ನ ಬೆಕ್ಕಾ?"

ಕಾವೇರಿ ಪೇಟೆಯ ಆಚೆ ತುದಿಗೆ ಹೋಗಿದ್ದಳು. ಬೈಗುಳ ಬಾಯಿಂದ ಬಾಯಿಗೆ ಮುಟ್ಟಿದ್ದೇ ಅಲ್ಲಿಂದಲೇ ಎರಡನೆಯ ಎಳೆತದಲ್ಲಿ ಶುರುಮಾಡಿದಳು. "ನಿಮ್ಮ ಮೀನಿಗೆ ಬೆಕ್ಕು ಬೇರೆ ಬೇಕಾ? ಆ ವಾಸನೆಗೆ ಕಾಗೆಯೂ ಕೂರುದಿಲ್ಲ!"

ನಾನು ಮೊದಲು ನಕ್ಕೆ. ಆಮೇಲೆ ನಗು ನಿಂತಿತು.  ಆರನೆಯ ಎಳೆತದ ಗೊಜಗೊಜ ಹಾಗೇ ಇತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅಂಬಕ್ಕನ ಬೈಗುಳದ ಒಂದಕ್ಷರವೂ ಕಲಸಿರಲಿಲ್ಲ. ಕಾವೇರಿಯದ್ದೂ ಅಷ್ಟೇ. ಇಬ್ಬರೂ ಒಟ್ಟಿಗೇ ಬೈಯುತ್ತಿದ್ದರು, ಇಬ್ಬರದ್ದೂ ನನಗೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಬೇರೆ ಬೇರೆ ಎಳೆತದ ಮಾತುಗಳು ಒಂದರೊಳಗಿಂದ ಇನ್ನೊಂದು ನುಸುಳಿಕೊಂಡು, ಮುಟ್ಟದೆ ತಟ್ಟದೆ ಬರುತ್ತಿದ್ದವು. ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ದಿನಾ ಬೈಗುಳ ಕೇಳಿದ್ದೇನೆ, ಒಮ್ಮೆಯೂ ಇದು ಹೊಳೆದಿರಲಿಲ್ಲ.

ಕಟ್ಟೆಯಿಂದ ಬಗ್ಗಿ, ನಾನೂ ಒಂದು ಎಳೆತ ಎಳೆದು, "ಅಂಬಕ್ಕಾ, ಇನ್ನೊಮ್ಮೆ ಬೈಯಿರಿ!" ಎಂದೆ.

"ಎಂತ? ನಿಂಗೆ ತಮಾಷೆಯಾ?"

"ಇಲ್ಲ ಮಾರಾಯ್ರೇ, ನಿಮ್ಮ ಕಾಲಿಗೆ ಬೀಳ್ತೇನೆ. ಬೈದ ಹಾಗೇ ನಿಮ್ಮ ಬಾಗಿಲಿನ ನೀರು ಹೇಳಿ."

 ಅಂಬಕ್ಕ ಸೊಂಟಕ್ಕೆ ಕೈಕೊಟ್ಟು, "ನೀರು ಎರಡು ಗೇಣು, ತೂಬು ಮುಚ್ಚಿ ಉಂಟು, ಒಡ್ಡಿನಲ್ಲಿ ಏಡಿ ತೂತು ಮಾಡಿದೆ, ಮಣ್ಣು ಹಾಕ್ಲಿಕ್ಕೆ ಆಳು ಬೇಕು, ಮತ್ತೆ ಆ ಕಾವೇರಿಗೆ ಹೇಳು ನನ್ನ ಮೀನು ತಂದು ಕೊಡ್ಲಿಕ್ಕೆ," ಎಂದರು. ಎಲ್ಲವೂ ಕೇಳಿತು. ಅವರ ಗಂಡ ಆ ಹೊತ್ತಿಗೆ ಇನ್ನೂ 'ನೀ' ಮುಗಿಸಿರಲಿಲ್ಲ. ನಾನು ಕಟ್ಟೆಯ ಮೇಲೆ ಒಬ್ಬಳೇ ಕುಣಿದೆ ಎಂದು ಕಾವೇರಿ ಇವತ್ತಿಗೂ ಆಡಿಕೊಂಡು ನಗುತ್ತಾಳೆ. ಕುಣಿದದ್ದು ಹೌದು, ಯಾಕೆ ಸುಳ್ಳು ಹೇಳಲಿ.

ಗೊತ್ತಾದದ್ದೇನೋ ಗೊತ್ತಾಯಿತು. ಊರನ್ನು ಇಳಿಸುವುದು ಹೇಗೆ? ಹತ್ತಿರದವರು ತಮಗೆ ಸಾಲುವಷ್ಟೇ ಎಳೆದರೆ ಆರನೆಯ ಎಳೆತದ ಆಕಾಶ ಖಾಲಿಯಾಗುತ್ತದೆ, ದೂರದವರ ಮಾತಿಗೆ ದಾರಿ ಸಿಗುತ್ತದೆ. ಇಷ್ಟೇ ಸಂಗತಿ. ಆದರೆ ಇಳಿಯಿರಿ ಎಂದರೆ ಮೂಗು ಮುರಿಯುವ ಜನ. "ನಮ್ಮಜ್ಜನ ಕಾಲದಿಂದ ನಾಲ್ಕನೆಯದಕ್ಕಿಂತ ಕೆಳಗೆ ಇಳಿದವರಲ್ಲ ನಾವು," ಎಂದು ಒಬ್ಬರು. "ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ, ಈಗ ಬೇಡ ವಾರಿಜಕ್ಕ," ಎಂದು ಇನ್ನೊಬ್ಬರು. ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿದೆ. ನನಗೆ ಒಳ್ಳೆಯ ಮಾತು ಅಷ್ಟಾಗಿ ಬರುವುದಿಲ್ಲ.

ಹಾಗಾಗಿ ನನಗೆ ಬರುವ ದಾರಿಯನ್ನೇ ಹಿಡಿದೆ. ಒಂದೊಂದು ಮನೆಯ ಮಾತನ್ನೂ ಗಾಳಿ ಬೀಸುವಾಗ, ಬೀಸದೆ ಇರುವಾಗ, ಮೋಡ ಕವಿದಾಗ ಕಿವಿಗೊಟ್ಟು ಕೇಳಿದೆ. ಒಬ್ಬರ ಮಾತು ನನಗೆ ಬೇಕಾದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಬಿದ್ದರೆ ಅವರಿಗೆ ಒಂದು ಎಳೆತ ಇಳಿಸಬಹುದು. ಆಗಲೂ ಚೆನ್ನಾಗಿ ಬಿದ್ದರೆ ಇನ್ನೊಂದು. ಕೆಟ್ಟ ಗಾಳಿಯ ದಿನಕ್ಕೆಂದು ಸ್ವಲ್ಪ ಕೈಯಲ್ಲಿ ಉಳಿಸಿಕೊಂಡೇ ನಿಲ್ಲಿಸಬೇಕು. ಪೂರಾ ಹಿಂಡಿಬಿಟ್ಟರೆ ಮಳೆಗಾಲದಲ್ಲಿ ನಾವೇ ಬಾಯಿ ಬಡಿದುಕೊಳ್ಳಬೇಕಾಗುತ್ತದೆ. ಮಾತು ಮುಗಿಸಿದ ಮೇಲೆ ಎಲ್ಲರೂ ಒಂದೆರಡು ಉಸಿರು ಕಿವಿ ತೆರೆದು ಕೂರುವುದು ವಾಡಿಕೆ, ನನ್ನ ಉತ್ತರಕ್ಕಾಗಿ. ಆ ಎಡೆಯಲ್ಲಿ ನಾನು ಹೇಳಲು ಶುರುಮಾಡಿದೆ, ಬೀದಿಗೆಲ್ಲ ಕೇಳುವ ಹಾಗೆ: "ಅಬ್ಬಾ, ಎಂಥಾ ಗಂಟಲು ನಿಮ್ಮದು! ಇಷ್ಟು ಗಟ್ಟಿ ಇರುವಾಗ ಎಳೆಯುದು ಯಾಕೆ? ಎಳೆಯುದು ಗಂಟಲು ಸೋತವರು ಅಲ್ವಾ? ಎರಡನೇ ಎಳೆತ ಸಾಕು ನಿಮಗೆ!"

ಗಂಟಲು ಸೋತವರು ಎಂಬ ಮಾತು ಪೇಟೆಯಲ್ಲಿ ಹಬ್ಬಿತು ನೋಡಿ. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ಇಳಿದರು. ಮೂರನೆಯದು ಸಿಕ್ಕವರಿಗೆ ಎರಡನೆಯದು ಬೇಕೆಂದು ಹಟ. ಒಂದು ಮನೆಯಲ್ಲಿ ಹೆಣ್ಣು ನೋಡಲು ಬಂದವರ ಎದುರು ಹುಡುಗಿಯ ಅಪ್ಪ ಮೊದಲನೆಯ ಎಳೆತದಲ್ಲಿ ಪಟಪಟ ಮಾತಾಡಿ ತೋರಿಸಿದರಂತೆ. ಎಲ್ಲರಿಗೂ ಇಳಿಸಲಿಕ್ಕಾಗುವುದಿಲ್ಲ ಎನ್ನುವುದೂ ನಿಜ. ಸೈಕಲ್ಲಿನಲ್ಲಿ ಮೀನು ಮಾರುವ ಅದ್ದು ಬೆಳಿಗ್ಗೆ ಪೇಟೆಯಲ್ಲಿದ್ದರೆ ಮಧ್ಯಾಹ್ನ ಹೊರ ಆಗರದ ಒಡ್ಡಿನ ಮೇಲೆ. ಅಂಥವನಿಗೆ ಒಂದು ಎಳೆತ ಕಟ್ಟಿಕೊಟ್ಟರೆ ಅವನು ತಿರುವು ದಾಟುವಷ್ಟರಲ್ಲಿ ಅದು ಸುಳ್ಳಾಗುತ್ತದೆ. "ನೀನು ಎಲ್ಲಿ ನಿಂತಿದ್ದೀಯೋ ಅದನ್ನು ನೋಡಿ ನೀನೇ ಎಳೆದುಕೋ ಮಾರಾಯ," ಎಂದು ಅವನನ್ನು ಬಿಟ್ಟೆ.

ಉಳಿದದ್ದು ವೈಕುಂಠಯ್ಯ. ಇಡೀ ಪೇಟೆ ಇಳಿದರೂ ಅವರು ಆರನೆಯದರಲ್ಲೇ ಕೂತಿದ್ದರು. ನಾನು ಅವರಿಗೆ ಇಳಿಯಿರಿ ಎನ್ನಲೇ ಇಲ್ಲ. ಬೀದಿ ತುಂಬ ಜನವಿರುವಾಗ ಕಟ್ಟೆಯ ಮೇಲಿಂದ, "ಯಜಮಾನ್ರಿಗೆ ಆರನೆಯದೇ ಇರ್ಲಿ, ಪಾಪ. ವಯಸ್ಸಾಯ್ತಲ್ಲ," ಎಂದೆ ಅಷ್ಟೇ. ಮನೆಯೊಳಗೆ ಅಂಬಕ್ಕ ತಮ್ಮ ಪಾಲಿನದು ಸೇರಿಸಿದರು: "ನೀವು 'ನೀ' ಅನ್ನುವಷ್ಟರಲ್ಲಿ ನಾನು ನೀರು ಹೇಳಿ, ಮೀನು ಕೊಯ್ದು, ಸ್ನಾನ ಮಾಡಿ ಬಂದೆ." ಮರುದಿನ ಬೆಳಿಗ್ಗೆ ಯಜಮಾನರು ಜಗಲಿಗೆ ಬಂದು, ಶಾಲು ಕೊಡವಿ, ಏಲಂ ಕೂಗುವವನ ಹಾಗೆ ನೀರು, ತೂಬು, ಉಪ್ಪು ಮೂರನ್ನೂ ಮೊದಲನೆಯ ಎಳೆತದಲ್ಲಿ ಹೇಳಿ ಒಳಗೆ ಹೋದರು. ಬೀದಿಯ ಜನ ಕೈತಟ್ಟಿತು. ಅವರಿಗೂ ಒಳಗೊಳಗೆ ಖುಷಿಯಾಗಿತ್ತೆಂದು ಅಂಬಕ್ಕ ಆಮೇಲೆ ಹೇಳಿದರು.

ಊರಿನ ಮೇಲಿನ ಗುಂಯ್ ನಿಂತಿತು. ನಾನು ಆರನೆಯ ಎಳೆತಕ್ಕೆ ಕಿವಿಯಿಟ್ಟು ಕೂತೆ. ಏನೂ ಇಲ್ಲ. ಸಂಜೆಯೂ ಇಲ್ಲ, ಮರುದಿನವೂ ಇಲ್ಲ. ನೀಲುವಿನ ಸದ್ದೇ ಇಲ್ಲ.  ಅದ್ದು ಮೀನಿನ ಬುಟ್ಟಿ ಇಳಿಸಿದಾಗ ಕೇಳಿದೆ.

"ನೋಡಿದೆ ವಾರಿಜಕ್ಕ. ಹುಷಾರಾಗಿದ್ದಾರೆ. ಆದ್ರೆ ಮಾತಾಡುದು ಬಿಟ್ಟಿದ್ದಾರೆ," ಎಂದ. "ಹೇಳಿ ಹೇಳಿ ಸಾಕಾಯ್ತು, ಅಲ್ಲಿ ಕೇಳುವವರು ಯಾರೂ ಇಲ್ಲ, ಗೋಡೆಗೆ ಹೇಳುದೂ ಒಂದೇ, ಸುಮ್ನೆ ಗಂಟ್ಲು ಯಾಕೆ ಹರ್ಕೊಳ್ಳುದು ಅಂದ್ರು."

"ಕೇಳುವವರು ಯಾರೂ ಇಲ್ಲ ಅಂದ್ಳಾ? ನಾನು ಇಲ್ಲಿ ಸತ್ತಿದ್ದೇನಾ?"

"ನನ್ನತ್ರ ಯಾಕೆ ಸಿಟ್ಟು? ಅವರು ಹೇಳಿದ್ದು ಹೇಳಿದೆ. ಇನ್ನು ಉಬ್ಬರ ಇಳಿಯುವ ತನಕ ಆ ಕಡೆ ಸೈಕಲ್ಲು ಹೋಗುದಿಲ್ಲ, ಒಡ್ಡೆಲ್ಲ ನೀರು."

ಅವನು ಹೋದ ಮೇಲೆ ಕಟ್ಟೆಯ ಕಂಬಕ್ಕೆ ತಲೆಯಿಟ್ಟು ಅತ್ತೆ. ದಾರಿ ತೆಗೆದುಕೊಟ್ಟರೆ ನಡೆಯುವವಳೇ ಕೂತುಬಿಟ್ಟಿದ್ದಳು. ತಪ್ಪು ಅವಳದ್ದಲ್ಲ. ಯಾರೂ ಓಗೊಡದೆ ಇದ್ದರೆ ಯಾರು ತಾನೇ ಎಷ್ಟು ದಿನ ಕರೆಯುತ್ತಾರೆ? ಕಣ್ಣೊರೆಸಿಕೊಂಡು ಎದ್ದೆ. ಮಧ್ಯಾಹ್ನ, ಎಲ್ಲ ಮನೆಯವರ ಮಾತೂ ಮುಗಿದ ಹೊತ್ತಿನಲ್ಲಿ, ಊರವರಿಗೆಲ್ಲ ಹೇಳಿದೆ: ಈಗ ನಾನು ಮಾತಾಡುವವಳು, ಅಷ್ಟು ಹೊತ್ತು ನನಗೆ ನಿಮ್ಮ ಯಾರ ಮಾತೂ ಕೇಳುವುದಿಲ್ಲ, ಬೆಂಕಿ ಬಿದ್ದರೆ ಕೊಡ ಹಿಡಿದು ನೀವೇ ಓಡಿ. ಆಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತು, ಆರನೆಯ ಎಳೆತದಲ್ಲಿ, 'ಹೇಳು' ಎಂದು ಒಂದೇ ಒಂದು ಮಾತು ಎಳೆದೆ. ಎಳೆತ ತುಂಡಾಗದ ಹಾಗೆ ಉಸಿರು ಕದ್ದು ಕದ್ದು ತೆಗೆದುಕೊಂಡು, ಮುಗಿಸುವಷ್ಟರಲ್ಲಿ ಕಣ್ಣು ಕತ್ತಲೆ ಬಂದಿತ್ತು. ಅಂಬಕ್ಕ ಬೆಲ್ಲ ನೀರು ತಂದು ಕುಡಿಸಿದರು. ಆಚೆಯಿಂದ ಉತ್ತರ ಬರಲಿಲ್ಲ.

ಅಮಾವಾಸ್ಯೆ ಬಂತು. ಉಬ್ಬರ ಏರುವುದು ಮಧ್ಯಾಹ್ನಕ್ಕೆ. ಬಿಸಿಲು ನೆತ್ತಿಗೆ ಬರುವ ಮೊದಲೇ ವೈಕುಂಠಯ್ಯ ನಡು ಆಗರದ ತೂಬಿನ ಹತ್ತಿರ ಆಳುಗಳೊಂದಿಗೆ ನಿಂತಿದ್ದರು. ಅವರ ಆಗರದಲ್ಲಿ ಉಪ್ಪು ಬೆಳ್ಳಗೆ ಕೂತಿತ್ತು, ಕೆರೆಯುವುದೊಂದೇ ಬಾಕಿ. ಒಡ್ಡು ಕಟ್ಟಲು ತಂದ ಕಲ್ಲುಗಳೂ ಪಕ್ಕದಲ್ಲೇ ರಾಶಿ ಬಿದ್ದಿದ್ದವು. ನನ್ನ ಸುತ್ತ ಒಳ ಆಗರಗಳ ಮಾತು ಬರುತ್ತಿತ್ತು, ಒಬ್ಬರದ್ದು ಮೊದಲನೆಯ ಎಳೆತ, ಒಬ್ಬರದ್ದು ಮೂರನೆಯದು, ಪಟಪಟ, ಸರಸರ, ಒಂದೂ ಕಲಸದೆ. ಕೇಳಿ ಕೇಳಿ ತೂಬಿನವರಿಗೆ ಹೇಳುತ್ತಿದ್ದೆ. ಒಂದು ಕಿವಿ ಮಾತ್ರ ಅವೆಲ್ಲದರ ತಳಕ್ಕೆ ಇಳಿದು ಕೂತಿತ್ತು.

ಮೊದಲು ಅದು ಗಾಳಿಯೆಂದು ತಿಳಿದೆ. ಮೂಗಿನಿಂದ ಬರುವ ತೆಳ್ಳಗಿನ ಒಂದು ದನಿ. ಕಾವೇರಿಯ ಎರಡನೆಯ ಎಳೆತ ಅದರ ಮೇಲೆ ಹಾದುಹೋಯಿತು, ಅದು ಅಲ್ಲಾಡಲಿಲ್ಲ. ಬೀದಿಯಲ್ಲಿ ಯಾರೋ ಎಮ್ಮೆಗೆ ಬೈದರು, ಅದು ಅಲ್ಲಾಡಲಿಲ್ಲ. ದನಿ ನಿಧಾನವಾಗಿ ತೆರೆದುಕೊಂಡಿತು. ನೀ… ನೀ… ನೀ…

ನೀಲು! ನನ್ನ ತಂಗಿ! ಚಿಕ್ಕಂದಿನಲ್ಲಿ ಮೂಗು ಕಟ್ಟಿದರೂ ಹಾಡುತ್ತಲೇ ಇದ್ದವಳ ಅದೇ ದನಿ!

"ತೂಬು ಎತ್ತಿ!" ಎಂದೆ. "ನೀರು ಬಂತು ಅಂತಾಳೆ, ಎತ್ತಿ!"

ನಡು ಆಗರದಿಂದ ವೈಕುಂಠಯ್ಯ ಕೇಳಿದರು, "ಮಾತು ಪೂರ್ತಿ ಬಂತಾ ವಾರಿಜ?"

"ಅರ್ಧ ಬಂದಿದೆ."

"ಪೂರ್ತಿ ಬರದೆ ಎತ್ತುದು ಹೇಗೆ? ನನ್ನ ಉಪ್ಪು…"

"ಅವಳಿಗೆ ಇರುದೇ ಎರಡು ಮಾತು ಯಜಮಾನ್ರೇ! 'ಸಾಕು' ಅನ್ಲಿಕ್ಕೆ ಯಾರಾದ್ರೂ 'ನೀ' ಅಂತ ಶುರು ಮಾಡ್ತಾರಾ? ಪೂರ್ತಿ ಮುಗಿಯುವ ತನಕ ಬಾಗಿಲು ನಿಲ್ತದಾ? ನನ್ನ ಮಾತಿನ ಮೇಲೆ ಎತ್ತಿ. ಸುಳ್ಳಾದ್ರೆ ನಾಳೆಯಿಂದ ಈ ಕಟ್ಟೆ ಹತ್ತುದಿಲ್ಲ ನಾನು!"

  ಮತ್ತೆ ಅವರ ದನಿ ಕೇಳಿತು. ನನ್ನೊಡನೆ ಅಲ್ಲ, ಆಳುಗಳೊಡನೆ. ನಾನು ಹುಟ್ಟಿದ ಮೇಲೆ ಅವರ ಬಾಯಿಂದ ಅಷ್ಟು ವೇಗದ ಮಾತು ಕೇಳಿರಲಿಲ್ಲ. "ನೋಡ್ತಾ ನಿಂತದ್ದೆಂತ? ಹಿಡೀರಿ, ಎತ್ತಿ, ಎತ್ತಿ, ಪೂರಾ ಎತ್ತಿ!" ಹಲಗೆಗೆ ಮೊದಲು ಕೈಹಾಕಿದವರು ಅವರೇ ಎಂದು ಆಳುಗಳು ಹೇಳಿದರು. ನೀರು ಅವರ ಬಿಳಿ ಉಪ್ಪಿನ ಮೇಲೆ ಹಾದು ಹೊಂಡಕ್ಕೆ ಧುಮುಕಿತು.

ನೀಲು ಇನ್ನೂ 'ನೀ'ಯಲ್ಲಿದ್ದಳು. ನಾವು ಕಾದೆವು. ಒಳ ಆಗರದವರು ಮಾತು ಮುಗಿಸಿ ಒಬ್ಬೊಬ್ಬರಾಗಿ ಬಂದು ಕಟ್ಟೆಯ ಕೆಳಗೆ ಸೇರಿದರು. ಅಂಬಕ್ಕ ಕೈಯಲ್ಲಿ ಮೀನಿನ ಕತ್ತಿ ಹಿಡಿದೇ ಬಂದಿದ್ದರು. ದನಿ ಮೆಲ್ಲನೆ ಹೊರಳಿತು. ನಾಲಗೆ ಮೇಲೇರುವುದು ಗೊತ್ತಾಯಿತು. 'ರು…' ಎಂದಿತು, ಒಂದು ಕಡೆಯೂ ಹರಿಯದೆ, ಒಂದು ಕಡೆಯೂ ಕಲಸದೆ, ಪೂರ್ತಿಯಾಗಿ ಬಂದು ನನ್ನ ಕಿವಿಯಲ್ಲಿ ಇಳಿಯಿತು. "ಬಂತು!" ಎಂದು ನಾನು ಕೂಗಿದೆ. ಕಟ್ಟೆಯ ಕೆಳಗಿದ್ದ ಜನ ಹೋ ಎಂದಿತು. ಕಾವೇರಿ ಅಂಬಕ್ಕನನ್ನು ಅಪ್ಪಿಕೊಂಡಳು, ಕತ್ತಿ ಕೆಳಗಿಡಿ ಎಂದು ಕಿರುಚುತ್ತಲೇ ಅಪ್ಪಿಕೊಂಡಳು.

ನೀರಿಳಿದ ಮೇಲೆ ಅದ್ದು ಸೈಕಲ್ಲು ತುಳಿದುಕೊಂಡು ಬಂದ. ಹೊರ ಬಾಗಿಲು ನಿಂತಿದೆ, ಮೇಲಿನ ಹಲಗೆಯಲ್ಲಿ ಒಂದು ಬಿರುಕು ಬಿಟ್ಟರೆ ಬೇರೇನೂ ಆಗಿಲ್ಲ, ಹೊರ ಆಗರದ ಮನೆಗಳಲ್ಲಿ ಪಾಯಸ ಮಾಡಿದ್ದಾರೆ ಎಂದ. "ನಿಮ್ಮ 'ಹೇಳು' ಕೇಳಿಯೇ ಅವರು ಮತ್ತೆ ಬಾಯಿ ತೆರೆದದ್ದಂತೆ. ಅಷ್ಟು ಬೇಗ ನೀರು ಇಳಿದದ್ದು ನೋಡಿ ನೀಲಕ್ಕ ಕೂತಲ್ಲೇ ಅತ್ತುಬಿಟ್ರು. 'ಅಕ್ಕಂಗೆ ಕೇಳ್ತಾ?' ಅಂತ ನನ್ನ ಹತ್ರ ಎಷ್ಟು ಸಲ ಕೇಳಿದ್ರು ಗೊತ್ತುಂಟಾ!" ವೈಕುಂಠಯ್ಯ ತಂದಿಟ್ಟಿದ್ದ ಕಲ್ಲುಗಳನ್ನು ದೋಣಿಗೆ ಹಾಕಿಸಿ ಹೊರ ಬಾಗಿಲ ಬುಡ ಗಟ್ಟಿಮಾಡಲು ಕಳುಹಿಸಿದರು. ಉಪ್ಪು ಹೋದದ್ದರ ಬಗ್ಗೆ ಕೇಳಿದವರಿಗೆಲ್ಲ, "ಸಮುದ್ರ ಇನ್ನೂ ಅಲ್ಲೇ ಉಂಟಲ್ಲ, ಮಾಡುವಾ," ಎನ್ನುತ್ತಿದ್ದರಂತೆ, ಮೊದಲನೆಯ ಎಳೆತದಲ್ಲಿ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನೀಲು 'ಸಾಕು' ಎಂದಳು. ಬಾಯಿಕಟ್ಟಿನ ಹೊತ್ತು ಮುಗಿಯಿತು. ಸಂಜೆಯ ಮಾತಿಗೆ ಇನ್ನೂ ಸಮಯವಿತ್ತು. ಆರನೆಯ ಎಳೆತದ ಆಕಾಶ ಖಾಲಿ ಬಿದ್ದಿತ್ತು, ಈಗ ಅದು ದೂರದ ಕೆಲವೇ ಮನೆಗಳ ಪಾಲು. ಆಗ ಮತ್ತೆ ಅವಳ ದನಿ ಏರಿತು.

"ಅ…" ಎಂದಿತು.

ನಾನು ಧಡಕ್ಕನೆ ಎದ್ದೆ. ಏನಾಯಿತು? ಬಾಗಿಲು ಒಡೆಯಿತಾ? ತೂಬಿನವರನ್ನು ಕರೆದೆ. ಜನ ಓಡಿಬಂದರು.  ಬಹಳ ಹೊತ್ತಿನ ಮೇಲೆ ಅದು 'ಅಕ್ಕ' ಎಂದಾಯಿತು. ನಾನು ಅಲ್ಲೇ ಕೂತೆ. ಮದುವೆಯಾಗಿ ಹೋದ ಮೇಲೆ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಯಾರೂ ಮನೆಗೆ ಹೋಗಲಿಲ್ಲ. ಅಂಬಕ್ಕ ಎಲ್ಲರಿಗೂ ಅವಲಕ್ಕಿ ಕಲಸಿ ತಂದರು. ನಾವು ತಿಂದೆವು, ಕಾದೆವು. ಮಾತು ಮುಂದುವರಿಯಿತು.

"ಕಾ… ವ… ಲಿ…"

ಮೊದಲು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಎಲಾ ಇವಳ! ಸಮುದ್ರವನ್ನು ಗೆದ್ದು, ಬಾಯಿಕಟ್ಟು ಕಾದು, ಗಂಟಲು ಹರಿಯುವಷ್ಟು ಎಳೆದು ಕೇಳಿದ್ದು ಅಮ್ಮನ ದೋಸೆ ಕಾವಲಿಯನ್ನು! ನಾನು ನಗುತ್ತಿದ್ದೆ, ಕಣ್ಣಿನಿಂದ ನೀರು ಸುರಿಯುತ್ತಿತ್ತು. ವಿಷಯ ಕೇಳಿ ಕಟ್ಟೆಯ ಕೆಳಗೆ ನಗು ಎದ್ದಿತು. "ಕೊಟ್ಟುಬಿಡಿ ವಾರಿಜಕ್ಕ," ಎಂದು ಕಾವೇರಿ, "ಕೊಡ್ಬೇಡ, ಅಷ್ಟು ಹಳೇ ಕಾವಲಿ ಎಲ್ಲಿ ಸಿಗ್ತದೆ," ಎಂದು ಅಂಬಕ್ಕ. ಮಾರನೆಯ ದಿನ ಅದ್ದುವಿನ ಸೈಕಲ್ಲಿಗೆ ಆ ಕಾವಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ನಾನೇ ಕಟ್ಟಿದೆ, ಆ ಮಾತು ಬೇರೆ. ಆದರೆ ಆವತ್ತು ಸೆರಗು ಬಿಗಿದು, ಸಮುದ್ರದ ಕಡೆ ಮುಖಮಾಡಿ, ಎಷ್ಟೋ ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಜಗಳವನ್ನು ಆರನೆಯ ಎಳೆತದಲ್ಲಿ ಅಲ್ಲಿಂದಲೇ ಎತ್ತಿಕೊಂಡೆ. "ಕೊ…" ಎಂದು ಶುರುಮಾಡಿದೆ. 'ಕೊಡುದಿಲ್ಲ' ಎಂದು ಮುಗಿಸುವಷ್ಟರಲ್ಲಿ ಸೂರ್ಯ ಹೊರ ಆಗರದ ಮೇಲೆ ಇಳಿದಿದ್ದ, ಊರಿಗೆ ಊರೇ ಕಟ್ಟೆಯ ಕೆಳಗೆ ಕೂತು ಕೇಳುತ್ತಿತ್ತು.